ಪ್ರಸಾರಸಂಸ್ಥೆಯೊಂದು ಕಟ್ಟಿಸಿದ ಗಣಕಯಂತ್ರ

ಬಾನುಲಿ ಮತ್ತು ದೂರದರ್ಶನಗಳ ಮೂಲಕ ವಾರ್ತೆಯನ್ನೂ ಸಂಗೀತವನ್ನೂ ನಾಟಕವನ್ನೂ ಜನತೆಗೆ ಮುಟ್ಟಿಸುವುದೇ ತನ್ನ ಧರ್ಮವೆಂದು ನಂಬಿ ಅರ್ಧ ಶತಮಾನಕ್ಕೂ ಮಿಗಿಲಾಗಿ ನಡೆದುಬಂದಿದ್ದ ಬ್ರಿಟಿಷ್ ಪ್ರಸಾರಸಂಸ್ಥೆಯು, ಅಂದರೆ ನಾವೆಲ್ಲರೂ ಬಿ.ಬಿ.ಸಿ. ಎಂದು ಬಲ್ಲ ಸಂಸ್ಥೆಯು, 1981ರ ಡಿಸೆಂಬರ್ ತಿಂಗಳಿನಲ್ಲಿ ತನ್ನ ಹೆಸರನ್ನು ಹೊತ್ತ ಒಂದು ಗಣಕಯಂತ್ರವನ್ನು ಸಾಮಾನ್ಯರ ಮನೆಗಳಿಗೂ ಶಾಲೆಗಳಿಗೂ ಒದಗುವಂತೆ ಮಾರಾಟಕ್ಕೆ ತಂದಿತು. ಕೇಂಬ್ರಿಜ್ ಪಟ್ಟಣದ ಏಕಾರ್ನ್ ಎಂಬ ಸಣ್ಣ ಕಂಪನಿಯು ನಿರ್ಮಿಸಿಕೊಟ್ಟ ಆ ಯಂತ್ರಕ್ಕೆ ಬಿ.ಬಿ.ಸಿ. ಮೈಕ್ರೋ ಎಂದು ಹೆಸರಾಯಿತು. ಆ ಕಾಲಕ್ಕೆ ಮನೆಯಲ್ಲಿಟ್ಟುಕೊಳ್ಳಬಹುದಾದ ಗಣಕಗಳಿಗೇನೂ ಬರವಿರಲಿಲ್ಲ. ಅಮೆರಿಕದಲ್ಲಿ ಆಪಲ್, ಕಮೊಡೋರ್, ಟ್ಯಾಂಡಿ ಕಂಪನಿಗಳು 1977ರಿಂದಲೇ ಅಂಥವನ್ನು ಮಾರುತ್ತಿದ್ದುವು. ಆದರೆ ಆ ಯಂತ್ರಗಳೆಲ್ಲ ವ್ಯಾಪಾರಕ್ಕಾಗಿ ಹುಟ್ಟಿ, ಕಲಿಕೆಯೆಂಬುದು ಅವುಗಳಿಗೆ ತರುವಾಯ ಕೂಡಿಬಂದ ಪ್ರಯೋಜನವಾಗಿದ್ದರೆ, ಇದೊಂದು ಮಾತ್ರ ಪಾಠವು ಮೊದಲು ನಿಶ್ಚಯವಾಗಿ, ಆ ಪಾಠಕ್ಕೆ ತಕ್ಕ ಉಪಕರಣವಾಗಿ ಅನಂತರ ಜನ್ಮತಾಳಿದ ಯಂತ್ರ. ಅದರ ಒಡಲಿನ ರಚನೆಯಲ್ಲಿ ಕಾಣುವ ಗುಣವಿಶೇಷಗಳಿಗೂ, ಅದರ ಸಂತತಿಯು ಮುಂದೆ ಪಡೆದ ಅಭ್ಯುದಯಕ್ಕೂ, ನಮ್ಮ ದೇಶದ ಶಾಲೆಗಳಿಗೆ ಅದು ಬಂದಾಗ ಅದರ ಫಲವು ಕುಂಠಿತವಾದುದಕ್ಕೂ ಈ ಒಂದು ಸಂಗತಿಯೇ ಮೂಲವೆಂಬುದು ನನ್ನ ಅಭಿಪ್ರಾಯ.

1978ರ ವಸಂತದಲ್ಲಿ ಬಿ.ಬಿ.ಸಿ.ಯ ‘ಹೊರೈಜನ್’ ಮಾಲಿಕೆಯಲ್ಲಿ ಪ್ರಸಾರವಾದ ಚಿತ್ರವೊಂದು, ಉಗುರಿನಗಲದ ಸಿಲಿಕಾನ್ ಚೂರುಗಳು ಕಾರ್ಖಾನೆ ಕಚೇರಿಗಳ ಕೆಲಸವನ್ನು ಹೇಗೆ ತಲೆಕೆಳಗು ಮಾಡಲಿವೆ, ಎಷ್ಟು ಜನರ ಜೀವನೋಪಾಯವನ್ನು ಅಲುಗಿಸಲಿವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತೋರಿಸಿ, ಇಂಗ್ಲೆಂಡಿನ ರಾಜಕಾರಣಿಗಳನ್ನೂ ವಿದ್ಯಾವಂತರನ್ನೂ ಒಮ್ಮೆಗೇ ಎಚ್ಚರಿಸಿತು. ಭಯವನ್ನು ಹುಟ್ಟಿಸಿದ ಸಂಸ್ಥೆಯೇ ಅದಕ್ಕೆ ಪರಿಹಾರವನ್ನೂ ಹುಡುಕಬೇಕೆಂದು ತೋರಿತೋ ಏನೋ, ಅಲ್ಲಿಯ ಶಿಕ್ಷಣ ವಿಭಾಗದ ಜಾನ್ ರ್ಯಾಡ್‌ಕ್ಲಿಫ್, ಡೇವಿಡ್ ಆಲನ್ ಮೊದಲಾದ ನಿರ್ಮಾಪಕರು ಜನಸಾಮಾನ್ಯರಿಗೆ ಗಣಕವಿದ್ಯೆಯನ್ನು ಕಲಿಸುವ ಯೋಜನೆಯೊಂದನ್ನು ರೂಪಿಸತೊಡಗಿದರು. ದೂರದರ್ಶನದ ಪಾಠಮಾಲೆ, ಅದಕ್ಕೆ ಹೊಂದುವ ಪುಸ್ತಕ, ಅಂಚೆಯ ಮೂಲಕ ನಡೆಯುವ ಪಠ್ಯಕ್ರಮ ಇವೆಲ್ಲವೂ ಆ ಯೋಜನೆಯಲ್ಲಿದ್ದುವು. ಆದರೆ ಈಜುವುದನ್ನು ನೋಡಿ ಈಜು ಬಾರದೆಂಬುದನ್ನು ಅರಿತಿದ್ದ ಅವರು, ಪ್ರೇಕ್ಷಕನು ಪಾಠ ಕೇಳಿದ ಮೇಲೆ ತನ್ನ ಮುಂದಿರುವ ಯಂತ್ರದಲ್ಲಿ ಅದನ್ನು ಮಾಡಿನೋಡದೆ ವಿದ್ಯೆಯು ದಕ್ಕದೆಂದು ನಿಶ್ಚಯಿಸಿದರು. ತೊಡಕು ಹುಟ್ಟಿದ್ದು ಇಲ್ಲಿಯೇ. ಬೇಸಿಕ್ ಎಂಬ ಹೆಸರಿನ ಪ್ರೋಗ್ರಾಂ ಭಾಷೆಯು ಎಲ್ಲ ಯಂತ್ರಗಳಲ್ಲಿಯೂ ಇದ್ದರೂ ಒಂದೊಂದು ಯಂತ್ರದಲ್ಲಿ ಒಂದೊಂದು ಉಪಭಾಷೆಯಾಗಿ ಒಡೆದುಹೋಗಿದ್ದಿತು. ಪರದೆಯ ಮೇಲೆ ತೋರಿಸಿದ ಹತ್ತು ಸಾಲಿನ ಪ್ರೋಗ್ರಾಂ ಒಬ್ಬನ ಮನೆಯಲ್ಲಿ ನಡೆದರೆ ಪಕ್ಕದ ಮನೆಯಲ್ಲಿ ನಡೆಯುತ್ತಿರಲಿಲ್ಲ. ಆದುದರಿಂದ ಸಂಸ್ಥೆಯು ತನ್ನ ಪಾಠಕ್ಕೆ ತನ್ನದೇ ಆದ ಯಂತ್ರವೊಂದು ಬೇಕೆಂದು ತೀರ್ಮಾನಿಸಿ, ಅದರ ಲಕ್ಷಣಗಳನ್ನು ಬರೆದಿಟ್ಟು, ಅದನ್ನು ಕಟ್ಟಿಕೊಡಬಲ್ಲವರನ್ನು ಅರಸಿತು.

ಮೊದಲು ಕಣ್ಣಿಗೆ ಬಿದ್ದುದು ನ್ಯೂಬರಿ ಲ್ಯಾಬೊರೇಟರೀಸ್ ಎಂಬ ಕಂಪನಿಯ ನ್ಯೂಬ್ರೇನ್ ಎಂಬ ಯಂತ್ರ. ಅವರು ಹೊತ್ತಿಗೆ ಸರಿಯಾಗಿ ಅದನ್ನು ಒದಗಿಸಲಾರರೆಂದು ತಿಳಿದುಬಂದಾಗ ಸಂಸ್ಥೆಯು ದೇಶದ ಇತರ ತಯಾರಕರನ್ನು ಕೇಳಬೇಕಾಯಿತು. ಆ ಕಂಪನಿಗಳಲ್ಲಿ, ಅದಾಗಲೇ ಅಗ್ಗದ ಗಣಕಗಳಿಂದ ಮನೆಮಾತಾಗಿದ್ದ ಕ್ಲೈವ್ ಸಿಂಕ್ಲೇರರದೂ ಇದ್ದಿತು. ಅವರೊಡನೆ ಬಹುಕಾಲ ದುಡಿದು ಹೊರಬಂದಿದ್ದ ಕ್ರಿಸ್ ಕರಿ ಮತ್ತು ವಿಯೆನ್ನಾದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಭೌತವಿಜ್ಞಾನವನ್ನು ವ್ಯಾಸಂಗ ಮಾಡಿದ ಹರ್ಮನ್ ಹೌಸರ್ ಇಬ್ಬರೂ ಸೇರಿ 1978ರಲ್ಲಿ ಆರಂಭಿಸಿದ್ದ ಏಕಾರ್ನ್ ಕೂಡ ಇದ್ದಿತು. ಏಕಾರ್ನ್‌ನವರು ಆಗಷ್ಟೇ ಆಟಂ ಎಂಬ ಸಣ್ಣ ಯಂತ್ರವನ್ನು ಮಾರುತ್ತಿದ್ದರು. ಅದರ ಮುಂದಿನ ಯಂತ್ರವು ಪ್ರೋಟಾನ್ ಎಂಬ ಹೆಸರಿನಿಂದ ಕಾಗದದ ಮೇಲೆ ಮಾತ್ರ ಇದ್ದಿತು.

ಮುಂದೆ ನಡೆದುದನ್ನು ಆ ಕೆಲಸದಲ್ಲಿ ಕೈಯಿಟ್ಟವರೇ ಹಲವು ಬಾರಿ ನೆನೆದು ಹೇಳಿದ್ದಾರೆ. ಬಿ.ಬಿ.ಸಿ.ಯವರು ಶುಕ್ರವಾರ ಬಂದು ನಡೆಯುವ ಯಂತ್ರವನ್ನು ನೋಡುವವರಿದ್ದರು. ಇದ್ದುದು ಐದೇ ದಿನ. ಹೌಸರ್ ಮೊದಲು ಏಕಾರ್ನ್‌ನ ವಿನ್ಯಾಸಕರಾದ ಸೋಫಿ ವಿಲ್ಸನ್ ಅವರನ್ನು ಕೇಳಿದಾಗ ಆಗದೆಂದರು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಬಿಡುವಿನಲ್ಲಿ ಏಕಾರ್ನ್‌ಗೆ ನೆರವಾಗುತ್ತಿದ್ದ ಸ್ಟೀವ್ ಫರ್ಬರ್ ಅವರನ್ನು ಕೇಳಿದಾಗ ಅವರೂ ಆಗದೆಂದರು. ಆಗ ಹೌಸರ್ ಒಬ್ಬರಿಗೆ ಇನ್ನೊಬ್ಬರು ಒಪ್ಪಿರುವರೆಂದು ಹೇಳಿ ಇಬ್ಬರನ್ನೂ ಒಪ್ಪಿಸಿದರು. ನಕ್ಷೆಯು ಸಿದ್ಧವಾದ ಮೇಲೆ, ಚಿಪ್ಪುಗಳ ಕಾಲುಗಳಿಗೆ ಕೂದಲೆಳೆಯಂಥ ತಂತಿಗಳನ್ನು ಒಂದೊಂದಾಗಿ ಸುತ್ತಿ ಸಂಬಂಧ ಕಲ್ಪಿಸುವ ಅತ್ಯಂತ ತಾಳ್ಮೆಯ ಕೆಲಸವನ್ನು, ಅದರಲ್ಲಿ ಕೇಂಬ್ರಿಜ್‌ನಲ್ಲಿಯೇ ಅತಿ ಚುರುಕಿನ ಕೈಯವರೆಂದು ಹೆಸರಾಗಿದ್ದ ರಾಮ್ ಬ್ಯಾನರ್ಜಿ ಎಂಬವರು ಮಾಡಿಕೊಟ್ಟರು. ಶುಕ್ರವಾರದ ಬೆಳಗಿನ ಜಾವದವರೆಗೂ ಯಂತ್ರವು ಮಿಸುಕಲಿಲ್ಲ. ಪರೀಕ್ಷೆಗಾಗಿ ಅದನ್ನು ಇನ್ನೊಂದು ಯಂತ್ರಕ್ಕೆ ತಂತಿಯಿಂದ ಕಟ್ಟಿದ್ದರು. ಆ ಬಂಧವನ್ನು ಕತ್ತರಿಸಿ ಅದು ತನ್ನ ಕಾಲ ಮೇಲೆ ನಿಲ್ಲಲಿ ನೋಡೋಣ ಎಂದು, ಎಲೆಕ್ಟ್ರಾನಿಕ್ಸ್‌ನಲ್ಲಿ ಅವರಷ್ಟು ಪಳಗದ ಹೌಸರ್ ಸೂಚಿಸಲು, ಹಾಗೆ ಮಾಡಿದೊಡನೆ ಯಂತ್ರವು ಜೀವತಳೆಯಿತು. ಅತಿಥಿಗಳು ಬರುವ ಹೊತ್ತಿಗೆ ವಿಲ್ಸನ್ ಅದರ ಮೇಲೆ ಪ್ರೋಗ್ರಾಂಗಳನ್ನು ನಡೆಸುವ ಸ್ಥಿತಿಗೆ ತಂದಿದ್ದರು. ಒಪ್ಪಂದವು ಏಕಾರ್ನ್‌ಗೆ ದೊರೆಯಿತು.

ಐದು ದಿನಗಳ ಈ ಸಾಹಸಕ್ಕಿಂತಲೂ ಗಮನಾರ್ಹವಾದುದು ಆ ಯಂತ್ರದ ಅಂತರಂಗದ ರಚನೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅದರ ಹೃದಯಸ್ಥಾನದಲ್ಲಿದ್ದುದು 6502 ಎಂಬ ಎಂಟು ಬಿಟ್‌ಗಳ ಪ್ರೊಸೆಸರ್. 1975ರಲ್ಲಿ ಅಮೆರಿಕದ ಎಂ.ಓ.ಎಸ್. ಟೆಕ್ನಾಲಜಿ ಎಂಬ ಕಂಪನಿಯು ಇದನ್ನು ಕೇವಲ 25 ಡಾಲರಿಗೆ ಮಾರತೊಡಗಿದಾಗ, ಅಂಥ ಚಿಪ್ಪಿಗೆ ನೂರಾರು ಡಾಲರ್ ಕೇಳುತ್ತಿದ್ದ ಇತರರು ಬೆರಗಾದರು. ಆಪಲ್, ಕಮೊಡೋರ್ ಮುಂತಾದವರ ಯಂತ್ರಗಳು ಹುಟ್ಟಿದ್ದು ಇದರ ಅಗ್ಗದಿಂದಲೇ. ಅವುಗಳಲ್ಲಿ ಇದು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಬಡಿತಗಳ ವೇಗದಲ್ಲಿ ನಡೆಯುತ್ತಿದ್ದರೆ, ಫರ್ಬರ್ ಮತ್ತು ವಿಲ್ಸನ್ ಅದನ್ನು ಇಪ್ಪತ್ತು ಲಕ್ಷ ಬಡಿತಗಳಲ್ಲಿ, ಅಂದರೆ 2 ಮೆಗಾಹರ್ಟ್ಸ್‌ನಲ್ಲಿ ನಡೆಸಿದರು. ಇದಕ್ಕೆ ಅಡ್ಡಬರುವುದು ಪ್ರೊಸೆಸರಿನ ಅಶಕ್ತಿಯಲ್ಲ, ಸ್ಮೃತಿಕೋಶದ ಸಮಸ್ಯೆ. ಪರದೆಯ ಮೇಲೆ ಚಿತ್ರವು ನಿಲ್ಲಬೇಕಾದರೆ ದೃಶ್ಯಮಂಡಲವು ಸ್ಮೃತಿಕೋಶವನ್ನು ಎಡೆಬಿಡದೆ ಓದುತ್ತಿರಬೇಕು. ಪ್ರೊಸೆಸರು ಕೂಡ ಅದನ್ನೇ ಓದಬೇಕು, ಬರೆಯಬೇಕು. ಅನೇಕ ಅಗ್ಗದ ಯಂತ್ರಗಳಲ್ಲಿ ಚಿತ್ರಕ್ಕೆ ಸ್ಮೃತಿ ಬೇಕಾದಾಗಲೆಲ್ಲ ಪ್ರೊಸೆಸರು ಕೈಕಟ್ಟಿ ನಿಲ್ಲಬೇಕಾಗಿದ್ದಿತು. ಇಲ್ಲಿ ಹಾಗಾಗಲಿಲ್ಲ. 6502 ಪ್ರೊಸೆಸರು ತನ್ನ ಪ್ರತಿಯೊಂದು ಬಡಿತದ ಒಂದರ್ಧದಲ್ಲಿ ಮಾತ್ರವೇ ಸ್ಮೃತಿಯನ್ನು ಮುಟ್ಟುತ್ತದೆ. ಬರಿದೆ ಹೋಗುವ ಇನ್ನರ್ಧವನ್ನು ಚಿತ್ರಕ್ಕೆ ಕೊಟ್ಟು, ಒಂದೇ ಬಾವಿಗೆ ಎರಡು ಮನೆಯವರು ಸರದಿಯಿಂದ ಕೊಡವಿಳಿಸಿ ಯಾರೂ ಯಾರಿಗೂ ಕಾಯದೆ ನೀರು ಸೇದುವಂತೆ, ಎರಡಕ್ಕೂ ಪೂರ್ಣವೇಗದಲ್ಲಿ ಸ್ಮೃತಿಯು ದೊರೆಯುವಂತೆ ಮಾಡಿದರು. ಹಾಗಾಗಬೇಕಾದರೆ ಸ್ಮೃತಿಯ ಚಿಪ್ಪುಗಳು ಸೆಕೆಂಡಿಗೆ ನಲವತ್ತು ಲಕ್ಷ ಬಾರಿ ಉತ್ತರ ಕೊಡಬಲ್ಲವಾಗಿರಬೇಕು. ಜಪಾನಿನ ಹಿಟಾಚಿ ಕಂಪನಿಯ ಚಿಪ್ಪುಗಳು ಆಗಷ್ಟೇ ಆ ವೇಗವನ್ನು ಮುಟ್ಟಿದ್ದುವು, ಅವನ್ನೇ ತರಿಸಿದರು. ಈ ಬಗೆಯ ಸ್ಮೃತಿಯು ತನ್ನಲ್ಲಿರುವುದನ್ನು ಕ್ಷಣಮಾತ್ರದಲ್ಲಿ ಮರೆತುಬಿಡುವ ಸ್ವಭಾವದ್ದಾದುದರಿಂದ ಅದನ್ನು ಮತ್ತೆಮತ್ತೆ ಓದಿ ಪುನಶ್ಚೇತನಗೊಳಿಸುತ್ತಿರಬೇಕು. ಚಿತ್ರಕ್ಕಾಗಿ ನಡೆಯುವ ನಿಯತವಾದ ಓದಿನಿಂದಲೇ ಆ ಕೆಲಸವೂ ಖರ್ಚಿಲ್ಲದೆ ನೆರವೇರಿತು. ಒಂದು ಉಪಾಯದಿಂದ ಮೂರು ಪ್ರಯೋಜನ ಪಡೆಯುವ ಇಂಥ ಮಿತವ್ಯಯದ ಕೌಶಲವನ್ನು ನಾನು ಯಾವ ಶಿಲ್ಪದಲ್ಲಿ ಕಂಡರೂ ಮೆಚ್ಚುತ್ತೇನೆ.

ಯಂತ್ರವು ಎರಡು ಬಗೆಯಲ್ಲಿ ಬಂದಿತು. ಮಾಡೆಲ್ ಎ ಎಂಬುದಕ್ಕೆ 16 ಕಿಲೋಬೈಟ್, ಮಾಡೆಲ್ ಬಿ ಎಂಬುದಕ್ಕೆ 32 ಕಿಲೋಬೈಟ್ ರ್ಯಾಮ್. ಇದಲ್ಲದೆ ಅಳಿಸಲು ಬಾರದ ಚಿಪ್ಪುಗಳಲ್ಲಿ ಯಂತ್ರದ ಕಾರ್ಯವ್ಯವಸ್ಥೆಗೆ 16 ಕಿಲೋಬೈಟ್, ಬೇಸಿಕ್ ಭಾಷೆಗೆ 16 ಕಿಲೋಬೈಟ್. ಇಂದು ಕೈಯಲ್ಲಿನ ಫೋನಿನಿಂದ ತೆಗೆದ ಒಂದು ಭಾವಚಿತ್ರವು ಇದೆಲ್ಲವನ್ನೂ ಕೂಡಿಸಿದರೂ ಸಾಲದಷ್ಟು ಸ್ಥಳವನ್ನು ಬೇಡುತ್ತದೆ. ಪರದೆಯ ಮೇಲೆ ಬರೆಯುವುದಕ್ಕೆ ಎಂಟು ಕ್ರಮಗಳಿದ್ದುವು. ಸೂಕ್ಷ್ಮ ಚಿತ್ರಗಳ ಕ್ರಮದಲ್ಲಿ ಅಡ್ಡಲಾಗಿ 640, ಉದ್ದಕ್ಕೆ 256 ಬಿಂದುಗಳು, ಬಣ್ಣ ಎರಡೇ. ಬಣ್ಣಗಳು ಹೆಚ್ಚು ಬೇಕೆಂದರೆ ಬಿಂದುಗಳ ಸಂಖ್ಯೆ ಇಳಿಯಬೇಕು. ಈ ಕ್ರಮಗಳಲ್ಲಿ ಪರದೆಯೊಂದೇ 20 ಕಿಲೋಬೈಟನ್ನು ನುಂಗುತ್ತಿದ್ದಿತಾಗಿ, ವ್ಯವಸ್ಥೆಯ ಪಾಲು ಕಳೆದು ಪ್ರೋಗ್ರಾಂ ಬರೆಯುವವನಿಗೆ ಉಳಿಯುತ್ತಿದ್ದುದು ಎಂಟೂವರೆ ಕಿಲೋಬೈಟ್ ಮಾತ್ರ. ಡಿಸ್ಕ್ ಜೋಡಿಸಿದರೆ ಅದೂ ಆರರೊಳಕ್ಕೆ ಇಳಿಯುತ್ತಿದ್ದಿತು. ಆದರೆ ಏಳನೆಯ ಕ್ರಮವೆಂಬುದೊಂದಿದ್ದಿತು, ಬಿ.ಬಿ.ಸಿ.ಯು ದೂರದರ್ಶನದ ಅಲೆಗಳಲ್ಲಿಯೇ ಅಡಗಿಸಿ ಕಳುಹಿಸುತ್ತಿದ್ದ ಸೀಫ್ಯಾಕ್ಸ್ ಎಂಬ ಅಕ್ಷರವಾರ್ತೆಗಾಗಿ ತಯಾರಾಗಿದ್ದ ಅಕ್ಷರದ ಚಿಪ್ಪನ್ನೇ ಇಲ್ಲಿ ಬಳಸಿ, ಕೇವಲ ಒಂದು ಕಿಲೋಬೈಟಿನಲ್ಲಿ 25 ಸಾಲು, ಸಾಲಿಗೆ 40 ಅಕ್ಷರ, ಎಂಟು ಬಣ್ಣ ಎಲ್ಲವನ್ನೂ ತುಂಬಿದರು. ಪ್ರಸಾರಸಂಸ್ಥೆಯ ಯಂತ್ರವೆಂಬ ಮಾತು ಇಲ್ಲಿ ಹೆಸರಿಗೆ ಮಾತ್ರ ನಿಲ್ಲದೆ ಚಿಪ್ಪಿನವರೆಗೂ ಇಳಿದಿದ್ದಿತು. ಟೆಲಿಟೆಕ್ಸ್ಟ್ ಅಡಾಪ್ಟರ್ ಎಂಬ ಪೆಟ್ಟಿಗೆಯನ್ನು ಜೋಡಿಸಿದವರು ಗಾಳಿಯಲ್ಲಿ ತೇಲಿಬರುವ ಪ್ರೋಗ್ರಾಂಗಳನ್ನು ಮನೆಯ ಆಂಟೆನಾದಿಂದ ಯಂತ್ರಕ್ಕೆ ಇಳಿಸಿಕೊಳ್ಳಬಹುದಾಗಿದ್ದಿತು.

ಮಾದರಿ ಯಂತ್ರವು ಕಾರ್ಖಾನೆಗೆ ಹೋಗುವ ದಾರಿಯಲ್ಲಿ ನಡೆದ ಒಂದು ಸಂಗತಿಯನ್ನು ಫರ್ಬರ್ ಮರೆಯದೆ ಹೇಳುತ್ತಾರೆ. ಫಲಕದ ಮೇಲೆ ಒಂದು ಗೊತ್ತಾದ ಜಾಗದಲ್ಲಿ ಬೆರಳಿಟ್ಟರೆ ಯಂತ್ರವು ಸರಿಯಾಗಿ ನಡೆಯುತ್ತಿದ್ದಿತು. ಬೆರಳು ತೆಗೆದರೆ ಇಲ್ಲ. ಎಷ್ಟು ಯೋಚಿಸಿದರೂ ಕಾರಣವು ಹೊಳೆಯದೆ, ದತ್ತಾಂಶ ಹರಿಯುವ ತಂತಿಗಳಿಗೆ ಅಡ್ಡಲಾಗಿ ರೆಸಿಸ್ಟರುಗಳ ಒಂದು ಗುಚ್ಛವನ್ನು ಬೆಸೆದು ಬೆರಳಿನ ಕೆಲಸವನ್ನು ಅದಕ್ಕೆ ಒಪ್ಪಿಸಿದರು. ಅದು ಏಕೆ ಬೇಕೆಂಬುದು ಕೊನೆಗೂ ತಿಳಿಯಲಿಲ್ಲ. ಲಕ್ಷಾಂತರ ಯಂತ್ರಗಳು ಆ ಗುಚ್ಛವನ್ನು ಹೊತ್ತೇ ಹೊರಬಂದುವು. ಫೆರಾಂಟಿ ಕಂಪನಿಯಿಂದ ಮಾಡಿಸಿದ ದೃಶ್ಯದ ಚಿಪ್ಪು ಆರಂಭದಲ್ಲಿ ಬಹಳ ಕಾಯುತ್ತಿದ್ದಿತು. ಮೊದಲಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆಗಳೂ ಕಾದು ಕೆಡುತ್ತಿದ್ದುವು. ಈ ಕಾರಣಗಳಿಂದ ಯಂತ್ರಗಳು ಗ್ರಾಹಕರನ್ನು ತಲುಪುವುದು ತಡವಾಗಿ, 1981ರ ಶರತ್ಕಾಲದಲ್ಲಿ ಆರಂಭವಾಗಬೇಕಿದ್ದ ‘ದಿ ಕಂಪ್ಯೂಟರ್ ಪ್ರೋಗ್ರಾಂ’ ಎಂಬ ಪಾಠಮಾಲೆಯನ್ನು 1982ರ ಜನವರಿಗೆ ಮುಂದೂಡಬೇಕಾಯಿತು.

ಕೆನೆಬಣ್ಣದ ಅಗಲವಾದ ಪೆಟ್ಟಿಗೆ, ಟೈಪ್‌ರೈಟರಿನಷ್ಟೇ ಗಟ್ಟಿಯಾದ ಕೀಲಿಮಣೆ, ಅದರ ಮೇಲ್ಸಾಲಿನಲ್ಲಿ ಹತ್ತು ಕೆಂಪು ಕೀಲಿಗಳು, ಬಲತುದಿಯಲ್ಲಿ ಚುಕ್ಕೆಗಳಿಂದ ರಚಿಸಿದ ಗೂಬೆಯ ಚಿಹ್ನೆ: ಹೊರನೋಟಕ್ಕೆ ಇಷ್ಟು. ಸ್ವಿಚ್ ಒತ್ತಿದರೆ ಎರಡು ಸ್ವರಗಳ ಒಂದು ಸದ್ದು ಕೇಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಯಂತ್ರವು ಆಜ್ಞೆಗೆ ಸಿದ್ಧವಾಗುತ್ತಿದ್ದಿತು. ಪೆಟ್ಟಿಗೆಯನ್ನು ಬಿಗಿದಿದ್ದ ಸ್ಕ್ರೂಗಳು ಹಿಂಬದಿಯಲ್ಲಿ ಎರಡು, ತಳದಲ್ಲಿ ಎರಡು. ಯಾವುದನ್ನು ಬಿಚ್ಚಬೇಕೆಂದು ಬಳಕೆದಾರನಿಗೆ ತಿಳಿಯಲೆಂದು ಅವುಗಳ ಬಳಿ ‘ಫಿಕ್ಸ್’ ಎಂದು ಅಚ್ಚೊತ್ತಿದ್ದರು. ಇಂದಿನ ಯಂತ್ರಗಳನ್ನು ತೆರೆಯದಂತೆ ಅಂಟಿನಿಂದ ಮುಚ್ಚುವ ತಯಾರಕರನ್ನು ನೋಡಿದವರಿಗೆ ಈ ಅಚ್ಚಿನ ಬೆಲೆ ತಿಳಿದೀತು. ಪೆಟ್ಟಿಗೆಯ ಹಿಂಭಾಗದಲ್ಲಿ ದೂರದರ್ಶನಕ್ಕೂ ಮಾನಿಟರಿಗೂ ಕ್ಯಾಸೆಟ್ ರೆಕಾರ್ಡರಿಗೂ ಬೇರೆ ಯಂತ್ರಗಳೊಡನೆ ಜಾಲ ಕಟ್ಟುವುದಕ್ಕೂ ದ್ವಾರಗಳು. ಉಷ್ಣತೆ, ಬೆಳಕು ಮುಂತಾದುವುಗಳ ಏರಿಳಿತವನ್ನು ನಾಲ್ಕು ಮಾರ್ಗಗಳಿಂದ ಅಳೆದು ಅಂಕಿಗಳಾಗಿ ಮಾರ್ಪಡಿಸುವ ದ್ವಾರವೊಂದು. ಯಂತ್ರವನ್ನು ಮಗುಚಿ ನೋಡಿದರೆ ತಳದಲ್ಲಿ ಮತ್ತೊಂದು ಸಾಲು: ಡಿಸ್ಕಿಗೆ, ಮುದ್ರಣಯಂತ್ರಕ್ಕೆ, ಬಳಕೆದಾರನು ತಾನೇ ಕಟ್ಟಿದ ಉಪಕರಣಕ್ಕೆ, ಮತ್ತು ಟ್ಯೂಬ್ ಎಂದು ಹೆಸರಿಟ್ಟ ಒಂದು ವಿಶಿಷ್ಟ ಮಾರ್ಗ. ಈ ಟ್ಯೂಬಿನ ಮೂಲಕ ಎರಡನೆಯ ಪ್ರೊಸೆಸರೊಂದನ್ನು ಜೋಡಿಸಿದರೆ ಹಳೆಯ ಯಂತ್ರವು ಕೀಲಿಮಣೆ, ಪರದೆ, ಡಿಸ್ಕುಗಳ ಸೇವೆಯನ್ನು ಮಾತ್ರ ವಹಿಸಿಕೊಂಡು, ಲೆಕ್ಕಾಚಾರವನ್ನೆಲ್ಲ ಹೊಸಬನಿಗೆ ಬಿಡುತ್ತಿದ್ದಿತು. ಶಾಲೆಯ ವಿಜ್ಞಾನದ ಉಪಾಧ್ಯಾಯರು ಥರ್ಮಿಸ್ಟರೊಂದನ್ನು ಸಿಕ್ಕಿಸಿ ಬಿಸಿನೀರು ಆರುವ ರೇಖೆಯನ್ನು ಪರದೆಯ ಮೇಲೆ ಎಳೆಯಿಸುವುದಕ್ಕೆ ಬೇರೆ ಯಾವ ಸಲಕರಣೆಯೂ ಬೇಕಾಗಿರಲಿಲ್ಲ. ನಾಲ್ಕಾರು ಸಾಲಿನ ಬೇಸಿಕ್ ಸಾಕಾಗಿದ್ದಿತು.

ಆ ಬೇಸಿಕ್ ವಿಲ್ಸನ್ ಅವರ ಕೃತಿ. ಅಂದಿನ ಬೇಸಿಕ್‌ಗಳಲ್ಲಿ ಪ್ರೋಗ್ರಾಂ ಎಂದರೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಜಿಗಿಯುವ ಆಜ್ಞೆಗಳ ಸಿಕ್ಕು. ಮಕ್ಕಳು ಅದರಿಂದ ಕಲಿಯುವುದು ಕೆಟ್ಟ ಅಭ್ಯಾಸಗಳನ್ನೇ ಎಂಬ ಆಕ್ಷೇಪವು ಶಿಕ್ಷಣತಜ್ಞರಲ್ಲಿದ್ದಿತು. ಬಿ.ಬಿ.ಸಿ.ಯು ಕೇಳಿದುದು ಕ್ರಮಬದ್ಧವಾದ ಭಾಷೆಯನ್ನು. ವಿಲ್ಸನ್ ತಮ್ಮ ಬೇಸಿಕ್‌ನಲ್ಲಿ ಕಾರ್ಯವೊಂದಕ್ಕೆ ಹೆಸರಿಟ್ಟು ಬೇಕಾದಾಗ ಕರೆಯುವ ವಿಧಾನವನ್ನೂ, ಆ ಕಾರ್ಯದೊಳಗೆ ಮಾತ್ರ ಬಾಳುವ ಚರಾಂಶಗಳನ್ನೂ, ನಿಯಮವು ನೆರವೇರುವವರೆಗೆ ಆವರ್ತಿಸುವ ರಚನೆಯನ್ನೂ ಸೇರಿಸಿದರು. ಇಷ್ಟಾಗಿಯೂ ಅದು ತನ್ನ ಓರಗೆಯ ಬೇಸಿಕ್‌ಗಳಿಗಿಂತ ವೇಗವಾಗಿ ಓಡುತ್ತಿದ್ದಿತು. ಇನ್ನೂ ಹೆಚ್ಚಿನದೆಂದರೆ, ಎರಡು ಚೌಕಾವರಣಗಳ ನಡುವೆ ಪ್ರೊಸೆಸರಿನ ಸ್ವಂತ ಭಾಷೆಯಲ್ಲಿಯೇ ಆಜ್ಞೆಗಳನ್ನು ಬರೆಯಲು ಅವಕಾಶವಿದ್ದಿತು. ಬೇಸಿಕ್ ಕಲಿತ ಹುಡುಗನೊಬ್ಬನು ಇನ್ನೂ ಆಳಕ್ಕಿಳಿಯಬೇಕೆಂದು ಬಯಸಿದರೆ, ಅವನು ಬೇರೊಂದು ದುಬಾರಿ ಸಾಧನವನ್ನು ಕೊಳ್ಳಬೇಕಾಗಿರಲಿಲ್ಲ. ಮೆಟ್ಟಿಲುಗಳು ಅದೇ ಮನೆಯೊಳಗೇ ಇದ್ದುವು. ಜೊತೆಗೆ ಬರುತ್ತಿದ್ದ ಸುಮಾರು ಐನೂರು ಪುಟಗಳ ಕೈಪಿಡಿಯು ಕಾರ್ಯವ್ಯವಸ್ಥೆಯನ್ನು ಕರೆಯುವ ದಾರಿಗಳನ್ನೂ ಬಿಚ್ಚಿ ಹೇಳುತ್ತಿದ್ದಿತು.

ಈ ಮೆಟ್ಟಿಲಿಳಿದವರ ಸಾಧನೆಗೆ ಒಂದೇ ನಿದರ್ಶನ ಸಾಕು. ಕೇಂಬ್ರಿಜ್‌ನ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ 1984ರಲ್ಲಿ ಪ್ರಕಟಿಸಿದ ‘ಎಲೀಟ್’ ಎಂಬ ಆಟದಲ್ಲಿ ಎಂಟು ನಕ್ಷತ್ರಮಂಡಲಗಳು, ಒಂದೊಂದರಲ್ಲಿ 256 ಲೋಕಗಳು, ಪ್ರತಿ ಲೋಕಕ್ಕೂ ಹೆಸರು, ವ್ಯಾಪಾರ, ಆಡಳಿತ. ಇಷ್ಟನ್ನೂ ಬರೆದಿಡಲು ಸ್ಥಳವೆಲ್ಲಿ? ಅವರು ಬರೆದಿಡಲೇ ಇಲ್ಲ. ಒಂದು ಬೀಜಸಂಖ್ಯೆಯನ್ನು ಗಣಿತಸೂತ್ರದಿಂದ ಮತ್ತೆಮತ್ತೆ ಬೆಳೆಸಿ, ಬೇಕಾದಾಗ ಬೇಕಾದ ಲೋಕವನ್ನು ಸೃಷ್ಟಿಸಿಕೊಂಡರು. ಪರದೆಯ ಮೇಲ್ಭಾಗವನ್ನು ಸೂಕ್ಷ್ಮರೇಖೆಗಳ ಕ್ರಮದಲ್ಲಿಯೂ ಕೆಳಭಾಗವನ್ನು ಬಣ್ಣದ ಕ್ರಮದಲ್ಲಿಯೂ ತೋರಿಸುವುದಕ್ಕಾಗಿ, ಚಿತ್ರವು ಅರ್ಧ ಎಳೆದಾಗಿದ್ದ ಕ್ಷಣದಲ್ಲಿಯೇ ದೃಶ್ಯದ ಚಿಪ್ಪಿನ ಕ್ರಮವನ್ನು ಬದಲಿಸಿದರು; ಸೆಕೆಂಡಿಗೆ ಐವತ್ತು ಬಾರಿ ಈ ಬದಲಾವಣೆ ನಡೆಯುತ್ತಿದ್ದಿತು. ಯಂತ್ರವನ್ನು ಒಳಹೊಕ್ಕು ತಿಳಿದವನಲ್ಲದೆ ಬೇರೆಯವನು ಇದನ್ನು ಊಹಿಸಲಾರ.

ಬೆಲೆ ಮಾತ್ರ ಕಡಿಮೆಯಾಗಿರಲಿಲ್ಲ. ಮೊದಲು 235 ಮತ್ತು 335 ಪೌಂಡ್ ಎಂದು ಪ್ರಕಟವಾಗಿ, ಶೀಘ್ರದಲ್ಲೇ 299 ಮತ್ತು 399ಕ್ಕೆ ಏರಿತು. ಸಿಂಕ್ಲೇರರ ಯಂತ್ರಗಳು ಇದರ ಹಲವು ಪಾಲು ಅಗ್ಗವಾಗಿದ್ದುವು. ಹನ್ನೆರಡು ಸಾವಿರ ಯಂತ್ರಗಳು ಮಾರಾಟವಾದರೆ ಹೆಚ್ಚೆಂದು ಬಿ.ಬಿ.ಸಿ.ಯವರು ಎಣಿಸಿದ್ದರು, ಕೊನೆಗೆ ಆ ಮಾಲಿಕೆಯ ಯಂತ್ರಗಳು ಹದಿನೈದು ಲಕ್ಷಕ್ಕೆ ಮುಟ್ಟಿದುವು. ಇದಕ್ಕೆ ಮುಖ್ಯ ಕಾರಣ ಶಾಲೆಗಳು. ಕೈಗಾರಿಕಾ ಇಲಾಖೆಯ ಸಚಿವರಾಗಿದ್ದ ಕೆನೆತ್ ಬೇಕರ್ ಅವರ ಕಾಲದಲ್ಲಿ ಸರ್ಕಾರವು ಪ್ರೌಢಶಾಲೆಗಳು ಕೊಳ್ಳುವ ಗಣಕಯಂತ್ರದ ಅರ್ಧ ಬೆಲೆಯನ್ನು ತಾನು ಕೊಡುವುದಾಗಿ ಘೋಷಿಸಿ, ಅಂಗೀಕೃತವಾದ ಯಂತ್ರಗಳ ಪಟ್ಟಿಯಲ್ಲಿ ಬಿ.ಬಿ.ಸಿ. ಮೈಕ್ರೋವನ್ನು ಸೇರಿಸಿತು, ಪ್ರಾಥಮಿಕ ಶಾಲೆಗಳಿಗೂ ಆ ನೆರವು ಮುಂದೆ ವಿಸ್ತರಿಸಿತು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಶಾಲೆಗಳ ಬಹುಪಾಲಿನಲ್ಲಿ ಇದೇ ಯಂತ್ರವಿದ್ದಿತು. ಪಾಠ, ಪುಸ್ತಕ, ಉಪಾಧ್ಯಾಯ, ಉಪಕರಣ, ಸರ್ಕಾರದ ಹಣ ಈ ಐದೂ ಒಂದೇ ದಿಕ್ಕಿನಲ್ಲಿ ಸಾಗಿದ ಅಪರೂಪದ ಕಾಲವದು.

ನಮ್ಮ ದೇಶಕ್ಕೂ ಅದು ಬಂದಿತು. 1984–85ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಶಿಕ್ಷಣ ಸಚಿವಾಲಯವೂ ಕೂಡಿ, ಎನ್.ಸಿ.ಇ.ಆರ್.ಟಿ.ಯ ಸಹಾಯದಿಂದ, ಕ್ಲಾಸ್ ಎಂಬ ಸಂಕ್ಷಿಪ್ತ ಹೆಸರಿನ ಗಣಕಸಾಕ್ಷರತೆಯ ಯೋಜನೆಯನ್ನು 250 ಶಾಲೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದಾಗ, ಅದಕ್ಕಾಗಿ ಆಯ್ದುಕೊಂಡದ್ದು ಬಿ.ಬಿ.ಸಿ. ಮೈಕ್ರೋವನ್ನೇ. ಸರ್ಕಾರಿ ಒಡೆತನದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಕಂಪನಿಯು ಪರವಾನಗಿ ಪಡೆದು ಯೂನಿಕಾರ್ನ್ ಎಂಬ ಹೆಸರಿನಲ್ಲಿ ಅದನ್ನು ಇಲ್ಲಿಯೇ ತಯಾರಿಸಹೊರಟಿತು. ಯೋಜನೆಯು ಕಾಲಕ್ರಮದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿತು. ಯಂತ್ರದ ಆಯ್ಕೆಯಲ್ಲಿ ದೋಷವಿರಲಿಲ್ಲ. ಅಂದಿಗೆ ಶಾಲೆಗೆ ಅದಕ್ಕಿಂತ ಯೋಗ್ಯವಾದುದು ಬೇರೊಂದಿರಲಿಲ್ಲವೆಂದೇ ನನ್ನ ನಂಬಿಕೆ. ಆದರೆ ಐದರಲ್ಲಿ ಬಂದುದು ಒಂದು, ಹೆಚ್ಚೆಂದರೆ ಎರಡು. ಉಪಕರಣವು ಬಂದಿತು; ಪಾಠಮಾಲೆ ಬರಲಿಲ್ಲ, ಪುಸ್ತಕವು ಮಕ್ಕಳ ಭಾಷೆಯಲ್ಲಿ ಬರಲಿಲ್ಲ, ಕೆಲವೇ ದಿನಗಳ ತರಬೇತಿ ಪಡೆದ ಉಪಾಧ್ಯಾಯರು ಉಳಿದ ವಿಷಯಗಳ ಹೊರೆಯ ನಡುವೆ ಇದನ್ನೂ ಹೊರಬೇಕಾಯಿತು, ಇಂಗ್ಲೆಂಡಿನ ಪಠ್ಯಕ್ರಮಕ್ಕೆಂದು ಬರೆದ ಇಂಗ್ಲಿಷ್ ಪ್ರೋಗ್ರಾಂಗಳು ಬಹಳಮಟ್ಟಿಗೆ ಹಾಗೆಯೇ ಇಲ್ಲಿಗೆ ಇಳಿದುವು. ಇದಕ್ಕೆ ಹತ್ತು ವರ್ಷಗಳ ಹಿಂದೆಯೇ, 1975–76ರ ಸೈಟ್ ಎಂಬ ಉಪಗ್ರಹಪ್ರಯೋಗದಲ್ಲಿ, ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆಕಾಶಮಾರ್ಗವಾಗಿ ಕನ್ನಡದಲ್ಲಿಯೇ ಪಾಠಗಳನ್ನು ಕಳುಹಿಸಿ ತೋರಿಸಿದ್ದ ದೇಶವಿದು ಎಂಬುದನ್ನು ನೆನೆದಾಗ, ಬಿ.ಬಿ.ಸಿ.ಯ ಯಂತ್ರವನ್ನು ತಂದವರು ಬಿ.ಬಿ.ಸಿ.ಯ ಉಪಾಯವನ್ನು ತರಲಿಲ್ಲವಲ್ಲ ಎಂದು ವ್ಯಥೆಯಾಗುತ್ತದೆ. ಸಾಧನವೂ ಅನುಭವವೂ ನಮ್ಮಲ್ಲಿ ಇದ್ದುವು. ಅವುಗಳನ್ನು ಒಂದೆಡೆ ಸೇರಿಸುವ ಸಂಕಲ್ಪವಿರಲಿಲ್ಲ.

ಇತ್ತ ಏಕಾರ್ನ್‌ನಲ್ಲಿ, 6502ರ ಬಳಿಕ ಯಾವ ಪ್ರೊಸೆಸರೆಂಬ ಪ್ರಶ್ನೆಯು ಎದ್ದಿತು. ಪೇಟೆಯಲ್ಲಿದ್ದ ಹದಿನಾರು ಬಿಟ್‌ಗಳ ಪ್ರೊಸೆಸರುಗಳನ್ನು ಟ್ಯೂಬಿಗೆ ಜೋಡಿಸಿ ಒಂದೊಂದನ್ನೂ ಪರೀಕ್ಷಿಸಿದ ಫರ್ಬರ್ ಮತ್ತು ವಿಲ್ಸನ್‌ಗೆ ಯಾವುದೂ ಹಿಡಿಸಲಿಲ್ಲ. ಅಮೆರಿಕದ ಫೀನಿಕ್ಸ್ ನಗರದಲ್ಲಿ 6502ರ ಉತ್ತರಾಧಿಕಾರಿಯನ್ನು ರಚಿಸುತ್ತಿದ್ದ ಕಂಪನಿಗೆ ಹೋಗಿ ನೋಡಿದರೆ, ಅಲ್ಲಿ ಕಂಡುದು ದೊಡ್ಡ ಪ್ರಯೋಗಾಲಯವಲ್ಲ. ವಾಸದ ಮನೆಯಂಥ ಕಟ್ಟಡದಲ್ಲಿ ಬೆರಳೆಣಿಕೆಯ ಜನ. ಇವರಿಂದ ಆಗುವುದಾದರೆ ನಮ್ಮಿಂದೇಕಾಗದು ಎಂಬ ಧೈರ್ಯವನ್ನು ಹೊತ್ತು ಹಿಂದಿರುಗಿದರು. 1983ರ ಅಕ್ಟೋಬರಿನಲ್ಲಿ ಕೆಲಸ ಆರಂಭವಾಯಿತು. ಹೊಸ ಪ್ರೊಸೆಸರಿನ ಆಜ್ಞಾವಳಿಯನ್ನು ವಿಲ್ಸನ್ ರೂಪಿಸಿದರು. ಸಿಲಿಕಾನಿಗೆ ಇಳಿಸುವ ಮುನ್ನ ಅದರ ನಡವಳಿಕೆಯನ್ನು ಪರೀಕ್ಷಿಸುವ ಮಾದರಿಯನ್ನು ಫರ್ಬರ್ ಬರೆದುದು ಬಿ.ಬಿ.ಸಿ. ಬೇಸಿಕ್‌ನಲ್ಲಿಯೇ, ಸುಮಾರು ಎಂಟುನೂರು ಸಾಲುಗಳಲ್ಲಿ. 1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಕಾರ್ಖಾನೆಯಿಂದ ಬಂದಿತು, ಬಿ.ಬಿ.ಸಿ. ಮೈಕ್ರೋದ ಟ್ಯೂಬಿಗೆ ಅದನ್ನು ಜೋಡಿಸಿದಾಗ ಮೊದಲ ಯತ್ನದಲ್ಲಿಯೇ ನಡೆಯಿತು. ಅದು ಎಷ್ಟು ವಿದ್ಯುತ್ತನ್ನು ಬಳಸುತ್ತದೆಂದು ಅಳೆಯಹೋದ ಫರ್ಬರ್‌ಗೆ ಮೀಟರಿನಲ್ಲಿ ಸೊನ್ನೆ ಕಾಣಿಸಿತು. ವಿಚಾರಿಸಿದರೆ ವಿದ್ಯುತ್ತಿನ ಸಂಬಂಧವೇ ಕೂಡಿರಲಿಲ್ಲ. ಅಕ್ಕಪಕ್ಕದ ಚಿಪ್ಪುಗಳ ಸಂಕೇತಗಳಿಂದ ಸೋರಿ ಬಂದ ಅಲ್ಪ ವಿದ್ಯುತ್ತಿನಲ್ಲಿಯೇ ಆ ಪ್ರೊಸೆಸರು ಕೆಲಸ ಮಾಡುತ್ತಿದ್ದಿತು. ಎ.ಆರ್.ಎಂ. ಎಂಬ ಆ ವಂಶದ ಈ ಅಲ್ಪಾಹಾರದ ಗುಣವೇ ಮುಂದೆ ಬ್ಯಾಟರಿಯಿಂದ ನಡೆಯುವ ಫೋನುಗಳ ಯುಗದಲ್ಲಿ ಅದರ ಭಾಗ್ಯವನ್ನು ತೆರೆಯಿತು. 1990ರಲ್ಲಿ ಆಪಲ್ ಮತ್ತು ವಿ.ಎಲ್.ಎಸ್.ಐ. ಟೆಕ್ನಾಲಜಿಗಳ ಪಾಲುಗಾರಿಕೆಯಿಂದ ಅದಕ್ಕಾಗಿಯೇ ಪ್ರತ್ಯೇಕ ಕಂಪನಿಯು ಸ್ಥಾಪಿತವಾಯಿತು. ಇಂದು ಆ ಕಂಪನಿಯ ವಿನ್ಯಾಸಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಈ ಸಾಲುಗಳನ್ನು ಫೋನಿನಲ್ಲಿ ಓದುತ್ತಿರುವವರು, ಅದರೊಳಗಿನ ಪ್ರೊಸೆಸರು ಶಾಲೆಯ ಗಣಕವೊಂದರ ಮೊಮ್ಮಗುವೆಂದು ತಿಳಿಯಬಹುದು.

ತಾಯಿಯ ಗತಿ ಅಷ್ಟು ಸುಖಕರವಾಗಲಿಲ್ಲ. ಅಗ್ಗದ ಎಲೆಕ್ಟ್ರಾನ್ ಯಂತ್ರವನ್ನು 1983ರ ಕ್ರಿಸ್ಮಸ್ ವ್ಯಾಪಾರಕ್ಕೆ ಬೇಕಾದಷ್ಟು ಒದಗಿಸಲಾಗದೆ, ಮರುವರ್ಷ ಬೇಡಿಕೆ ಕುಸಿದ ಮೇಲೆ ಅದರ ರಾಶಿಯನ್ನು ಹೊತ್ತು, ಅಮೆರಿಕದ ಪೇಟೆಯಲ್ಲಿಯೂ ಕೈಸುಟ್ಟುಕೊಂಡು, ಏಕಾರ್ನ್ 1985ರ ಆರಂಭದಲ್ಲಿ ಇಟಲಿಯ ಒಲಿವೆಟ್ಟಿಗೆ ತನ್ನ ಅರ್ಧದಷ್ಟು ಪಾಲನ್ನು ಬಿಟ್ಟುಕೊಡಬೇಕಾಯಿತು. 1986ರಲ್ಲಿ ಬಂದ ಮಾಸ್ಟರ್ ಎಂಬ ಸುಧಾರಿತ ಮಾದರಿಯು ಶಾಲೆಗಳಲ್ಲಿ ಇನ್ನೂ ಹಲವು ವರ್ಷ ಬಾಳಿತು, ಅಷ್ಟರಲ್ಲಿ ಐ.ಬಿ.ಎಂ. ಮಾದರಿಯ ಯಂತ್ರಗಳು ಜಗತ್ತನ್ನು ಆವರಿಸಿದ್ದುವು. 2012ರಲ್ಲಿ ಅದೇ ಕೇಂಬ್ರಿಜ್‌ನಿಂದ ಮಕ್ಕಳಿಗಾಗಿ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವು, ಎ.ಆರ್.ಎಂ. ಪ್ರೊಸೆಸರಿನಿಂದಲೇ ನಡೆಯುತ್ತ, ತನ್ನ ಎರಡು ರೂಪಗಳಿಗೆ ಮಾಡೆಲ್ ಎ, ಮಾಡೆಲ್ ಬಿ ಎಂದೇ ಹೆಸರಿಟ್ಟುಕೊಂಡು ಹಿರಿಯರಿಗೆ ಗೌರವ ಸಲ್ಲಿಸಿತು.

ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿರುವ ಗಣಕ ವಸ್ತುಸಂಗ್ರಹಾಲಯದಲ್ಲಿ ತರಗತಿಯೊಂದರ ತುಂಬ ಈ ಯಂತ್ರಗಳನ್ನು ಜೋಡಿಸಿಟ್ಟಿದ್ದಾರೆ; ಮಕ್ಕಳು ಇಂದಿಗೂ ಅಲ್ಲಿ ಕುಳಿತು ಬೇಸಿಕ್ ಬರೆಯುತ್ತಾರೆ. ಕ್ಲಾಸ್ ಯೋಜನೆಯ ಕಾಲದಲ್ಲಿ ನಮ್ಮ ಶಾಲೆಗಳಿಗೆ ಬಂದವುಗಳಲ್ಲಿ ಕೆಲವಾದರೂ ಎಲ್ಲಿಯಾದರೂ ಪ್ರಯೋಗಾಲಯದ ಅಟ್ಟದ ಮೇಲೆಯೋ ಉಗ್ರಾಣದ ಮೂಲೆಯಲ್ಲಿಯೋ ಉಳಿದಿರಬಹುದು. ಅಂಥ ಕೆನೆಬಣ್ಣದ ಪೆಟ್ಟಿಗೆಯೊಂದು ಕಣ್ಣಿಗೆ ಬಿದ್ದರೆ, ಉಪಾಧ್ಯಾಯರೇ, ಅದನ್ನು ಗುಜರಿಗೆ ತೂಗಿ ಕೊಡಬೇಡಿರಿ. ಕೂಡಲೇ ಕರೆಂಟಿಗೂ ಸಿಕ್ಕಿಸಬೇಡಿರಿ. ಅದರ ವಿದ್ಯುತ್ ಪೂರೈಕೆಯಲ್ಲಿರುವ ಹಳೆಯ ಕಾಗದದ ಕೆಪಾಸಿಟರುಗಳು ವಯಸ್ಸಾದಂತೆ ಬಿರಿದು ಹೊಗೆಯುಗುಳುವುದು ಸಾಮಾನ್ಯ. ರೇಡಿಯೋ ರಿಪೇರಿ ಬಲ್ಲವರೊಬ್ಬರನ್ನು ಕರೆಸಿ, ಅವನ್ನು ತೆಗೆಸಿ ಹೊಸತನ್ನು ಹಾಕಿಸಿ, ಆಮೇಲೆ ಸ್ವಿಚ್ ಒತ್ತಿ, ಅದರ ಮುಂದೆ ಒಂದು ಮಗುವನ್ನು ಕೂಡಿಸಿರಿ.